ಮಡಕೆ ನೋಡಲು ನೂರು ರೂಪಾಯಿ

ಮ್ಯೂಸಿಯಂ ಬಾಗಿಲಿನ ಆ ಬೋರ್ಡನ್ನು ದಿನಾ ಬೆಳಿಗ್ಗೆ ಒರೆಸುತ್ತಿದ್ದವಳು ನಾನು. ಒಂದಕ್ಷರ ತಪ್ಪದ ಹಾಗೆ ಬಾಯಿಪಾಠ ಬರುತ್ತದೆ. ದೊಡ್ಡವರಿಗೆ ನೂರು ರೂಪಾಯಿ. ಮಕ್ಕಳಿಗೆ ಐವತ್ತು. ಹೊರದೇಶದವರಿಗೆ ಐನೂರು. ಅರವತ್ತು ದಾಟಿದವರಿಗೆ ಅರ್ಧ, ಆದರೆ ಆಧಾರ್ ಕಾರ್ಡು ತೋರಿಸಬೇಕು. ಕಾಲೇಜಿನವರಿಗೂ ಅರ್ಧ, ಅವರೂ ಕಾರ್ಡು ತೋರಿಸಬೇಕು. ಇಪ್ಪತ್ತು ಜನ ಒಟ್ಟಿಗೆ ಬಂದರೆ ನೂರಕ್ಕೆ ಇಪ್ಪತ್ತು ಬಿಡುತ್ತಾರೆ. ಮಿಲಿಟರಿಯವರಿಗೆ ಪುಕ್ಕಟೆ. ಬುಧವಾರ ಸುತ್ತಲಿನ ಊರವರಿಗೂ ಪುಕ್ಕಟೆ, ಮನೆ ನಂಬರಿರುವ ದಾಖಲೆ ತಂದರೆ. ಎಲ್ಲಕ್ಕಿಂತ ಕೆಳಗೆ, ಬಂಗಾರದ ಬಣ್ಣದಲ್ಲಿ ಇನ್ನೊಂದು ಸಾಲು: ವಸ್ತುಗಳನ್ನು ದಾನ ಮಾಡಿದವರಿಗೂ ಅವರ ಕುಟುಂಬದವರಿಗೂ ಜೀವನಪರ್ಯಂತ ಉಚಿತ ಪ್ರವೇಶ.

ಇಷ್ಟುದ್ದದ ಬೋರ್ಡು. ಅಗೆದವರಿಗೆ ಎಷ್ಟು ಅಂತ ಅದರಲ್ಲಿ ಬರೆದಿರಲಿಲ್ಲ.

ನನ್ನ ಹೆಸರು ಸಿದ್ದಮ್ಮ. ದೇರಪ್ಪನವರ ಕಾಫಿ ಎಸ್ಟೇಟಿನಲ್ಲಿ ಕೂಲಿಯವರು ಸಾಲಾಗಿ ಇರುವ ಲೈನ್ ಮನೆಯಲ್ಲಿ ಹುಟ್ಟಿದವಳು. ಗಂಡ ತೀರಿಕೊಂಡ ಮೇಲೆ ಅದೇ ಲೈನ್ ಮನೆಗೆ ಬಂದು ಅವ್ವನ ಜೊತೆ ಇದ್ದೇನೆ. ಅವ್ವನ ಹೆಸರು ಜವರಿ. ಅವಳ ಅಪ್ಪ ಕಾಳ ಪಿರಿಯಾಪಟ್ಟಣದ ಕಡೆಯ ಹೊಲಗೇರಿಯಿಂದ ಕುಶಾಲನಗರ ದಾಟಿ ಈ ಎಸ್ಟೇಟಿಗೆ ನಡೆದುಕೊಂಡು ಬಂದವನು. ಹಿಂದಿದ್ದ ಕಡೆ ಊರಿನ ಹೆಣಗಳಿಗೆಲ್ಲ ಗುಂಡಿ ತೆಗೆಯುವುದು ಅವನ ಕೆಲಸ. ಗುಂಡಿ ತೆಗೆಯುವಾಗ ಕಾಳಣ್ಣ ಬೇಕು, ತಿಥಿ ಊಟಕ್ಕೆ ಕಾಳಣ್ಣ ಬೇಲಿಯಾಚೆ. ಆ ಊರು ಬಿಟ್ಟು ಬಂದರೂ ತಾತ ಆ ಕೆಲಸದ ಒಂದು ಕಟ್ಟಳೆಯನ್ನು ಬಿಡಲಿಲ್ಲ. ಹೆಣಕ್ಕೆ ಅಂತ ತೆಗೆದ ಗುಂಡಿಯನ್ನು ಬರಿದು ಬಿಡಬಾರದು. ಬರಿದು ಬಿಟ್ಟರೆ ಅದು ಬಾಯಿ ತೆರೆದುಕೊಂಡು ಕೂತು ತೆಗೆದವರ ಮನೆಯಿಂದಲೇ ಒಂದು ಜೀವ ಕೇಳುತ್ತದೆ. ಹೆಣ ಬರದೆ ಹೋದರೆ ಒಂದು ಮಡಕೆಯನ್ನಾದರೂ ಇಟ್ಟು, ಹಿಡಿ ಕಾಳು ಹಾಕಿ ಮುಚ್ಚಬೇಕು. ಅವ್ವನಿಗೆ ಅದು ಹಾಲಿನ ಜೊತೆ ಬಂದ ಮಾತು.

ನಾಲ್ಕು ವರ್ಷದ ಹಿಂದೆ ದೇರಪ್ಪನವರು ಶುಂಠಿ ಹಾಕಲು ಗುಡ್ಡ ಸಮ ಮಾಡಿಸುವಾಗ ಜೆಸಿಬಿಗೆ ಕಲ್ಲುಚಪ್ಪಡಿ ತಾಗಿತು. ನಾವು ಅದನ್ನು ಪಾಂಡವರ ಕಲ್ಲು ಎನ್ನುತ್ತೇವೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಹಳೇ ಕಾಲದ ಗೋರಿ. ಅದನ್ನು ಅಗೆಸಿ ನೋಡಲು ಓದಿದವರು ಕಾರಿನಲ್ಲಿ ಬಂದರು. ಎಸ್ಟೇಟಿನ ಹಾಜರಿ ಬರೆಯುವ ರೈಟರು ನಮ್ಮ ಲೈನಿಗೆ ಬಂದು ಅಂಗಳದಲ್ಲೇ ನಿಂತು ಕೂಗಿದರು.

"ಜವರೀ, ನಿಮ್ಮ ಜನಕ್ಕೇ ಸರಿಯಾದ ಕೆಲಸ ಬಂದದೆ. ಗುಂಡಿ ತೆಗಿಯೋದು. ಹೆಣ ಮಾತ್ರ ಒಸಿ ಹಳೇದು."

ರೈಟರು ನಕ್ಕರು. ನಾವು ಹಾರೆ ಹಿಡಿದುಕೊಂಡು ಹೋದೆವು.

ಹಾರೆ ಬೇಡ ಎಂದರು. ಒಂದೂವರೆ ತಿಂಗಳು ಕುಕ್ಕರಗಾಲಿನಲ್ಲಿ ಕೂತೆವು. ಚಿಕ್ಕ ಕರಣೆಯಲ್ಲಿ ಕೆರೆಯಬೇಕು, ಬ್ರಷ್ಷಿನಲ್ಲಿ ಗುಡಿಸಬೇಕು, ತೆಗೆದ ಮಣ್ಣನ್ನೆಲ್ಲ ಜರಡಿ ಹಿಡಿಯಬೇಕು. ಬಿಸಿಲು ನೆತ್ತಿಗೆ ಬಂದರೂ ಏಳುವಂತಿಲ್ಲ, ಕಾಲಿಟ್ಟರೆ ಏನೋ ಒಡೆಯುತ್ತದಂತೆ. ಅವ್ವನ ಮಂಡಿ ಹೋದದ್ದು ಆಗಲೇ. ಸಂಜೆ ಅವಳನ್ನು ಕಂಕುಳಿಗೆ ಕೈಕೊಟ್ಟು ಎಬ್ಬಿಸುತ್ತಿದ್ದೆ. ನೀರಿನ ಕ್ಯಾನು ಓದಿದವರ ಟೆಂಟಿನೊಳಗಿತ್ತು. ಅದನ್ನು ನಾವು ಮುಟ್ಟುವಂತಿರಲಿಲ್ಲ, ರೈಟರು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಸತ್ತವರ ಮೂಳೆ ಮುಟ್ಟಲು ನಮ್ಮ ಕೈ ಬೇಕು, ಪ್ಲಾಸ್ಟಿಕ್ ಕ್ಯಾನು ಮುಟ್ಟಲು ಬೇಡ. ಥೂ!

ಮೂಳೆಯಿದ್ದ ಮಡಕೆಗಳು ಮೊದಲು ಸಿಕ್ಕಿದ್ದು ಅವ್ವನ ಕೈಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆಯುವಾಗ "ಅಜ್ಜಿ, ಸ್ವಲ್ಪ ಆ ಕಡೆ" ಎಂದರು. ಅವ್ವ ಆ ಕಡೆ ಹೋದಳು. ಅವಳು ತೆಗೆದ ಮಡಕೆಯ ಪಕ್ಕ ಇಸ್ತ್ರಿ ಮುರಿಯದ ಅಂಗಿಯ ದೇರಪ್ಪನವರು ಕರಣೆ ಹಿಡಿದು ಕೂತರು.

ಮಳೆ ಶುರುವಾಗುವ ಮುಂಚೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಕೊಂಡು ಹೋದರು. ಗುಂಡಿ ಹಾಗೇ ಉಳಿಯಿತು. ಆ ರಾತ್ರಿ ಅವ್ವ ಉಣ್ಣಲಿಲ್ಲ. ಬೆಳಿಗ್ಗೆ ಎದ್ದು ಮನೆಯ ಕರೀ ಮಡಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಅದು ಅವಳ ಅವ್ವ ಪಿರಿಯಾಪಟ್ಟಣದಿಂದ ತಲೆಯ ಮೇಲೆ ಹೊತ್ತು ತಂದದ್ದು. ಕುತ್ತಿಗೆಯ ಹತ್ತಿರ ಸಾಲಾಗಿ ಮೂರು ಉಗುರಿನ ಗುರುತು, ಮಡಕೆ ಹಸಿಯಿದ್ದಾಗ ಆ ಅಜ್ಜಿಯೇ ಒತ್ತಿದ್ದು. ತಳದಲ್ಲಿ ತೂತು ಬಿದ್ದಾಗ ಅವ್ವ ಕಾಫಿ ಕಣಕ್ಕೆ ಗಾರೆ ಹಾಕುವ ಕಡೆಯಿಂದ ಒಂದು ಹಿಡಿ ಸಿಮೆಂಟು ತಂದು ಮೆತ್ತಿದ್ದಳು. ಆಮೇಲೆ ಅದು ಒಲೆಗೆ ಏರದೆ ರಾಗಿ ಹಾಕಿಡುವ ಮಡಕೆಯಾಗಿತ್ತು. ಅದನ್ನು ಗುಂಡಿಯೊಳಗೆ ಇಟ್ಟಳು. ಒಂದು ಹಿಡಿ ರಾಗಿ ಹಾಕಿದಳು, ವೀಳ್ಯದೆಲೆ ಮುಚ್ಚಿದಳು. ಜೆಸಿಬಿ ತಾಗಿ ಒಡೆದಿದ್ದ ಮೇಲಿನ ಚಪ್ಪಡಿಯ ಒಂದು ತುಂಡನ್ನು ಎಳೆದು ಮುಚ್ಚಲು ಒಂದು ತುದಿ ಹಿಡಿದವಳು ನಾನು. ಮಣ್ಣು ತುಂಬಿ ಕೈ ತೊಳೆದುಕೊಂಡು ಬಂದೆವು.

ಮಾರನೇ ವರ್ಷ ದೇರಪ್ಪನವರದೇ ಒಂದು ಟ್ರಸ್ಟಾಯಿತು. ಟ್ರಸ್ಟಿನವರು ಬೇರೆ ಯಾರನ್ನೋ ಕರೆಸಿ ಗುಡ್ಡವನ್ನು ಇನ್ನೊಮ್ಮೆ ಅಗೆಸಿದರು. ಆಗ ನಾವು ಅಮ್ಮತ್ತಿ ಕಡೆಯ ತೋಟಕ್ಕೆ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೋಗಿದ್ದೆವು. ರಸ್ತೆ ಪಕ್ಕದ ಹಳೇ ಕಾಫಿ ಗೋದಾಮಿಗೆ ಸುಣ್ಣ ಬಣ್ಣ ಬಳಿದು, ಗಾಜಿನ ಪೆಟ್ಟಿಗೆ ಜೋಡಿಸಿ ಮ್ಯೂಸಿಯಂ ಮಾಡಿದರು. ನನಗೆ ಅಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಕಕ್ಕಸು ತೊಳೆಯುವುದೂ ನಾನೇ, ಬೋರ್ಡು ಒರೆಸುವುದೂ ನಾನೇ. ಸೋಮವಾರ ರಜೆ. ಮಂಗಳವಾರ ಗಾಜಿನ ಒಳಮೈ ಒರೆಸುವ ದಿನ, ಅವತ್ತು ಕೀಲಿ ಗೊಂಚಲು ನನ್ನ ಸೊಂಟದಲ್ಲಿ.

ಮೊದಲ ಮಂಗಳವಾರವೇ ನಾಲ್ಕನೇ ಪೆಟ್ಟಿಗೆಯಲ್ಲಿ ಅದನ್ನು ನೋಡಿದೆ. ಕರೀ ಮಡಕೆ. ಮೂರು ಉಗುರಿನ ಗುರುತು. ಕೆಳಗೆ ಒಂದು ಕನ್ನಡಿ ಇಟ್ಟಿದ್ದರು, ತಳದ ತೇಪೆ ಎಲ್ಲರಿಗೂ ಕಾಣಲಿ ಅಂತ. ಪಕ್ಕದಲ್ಲಿ ಬರೆದಿತ್ತು: ಮೂರು ಸಾವಿರ ವರ್ಷ ಹಳೆಯ ಧಾನ್ಯಪಾತ್ರೆ. ಆ ಕಾಲದ ಜನರ ಗಾರೆ ಕೌಶಲಕ್ಕೆ ಸಾಕ್ಷಿ. ದಾನಿಗಳು, ಶ್ರೀ ದೇರಪ್ಪ ಮತ್ತು ಕುಟುಂಬ.

ನನಗೆ ನಗು ಬಂತು. ಬಾಯಿಗೆ ಒರೆಸುವ ಬಟ್ಟೆ ಅದುಮಿಕೊಂಡು ನಕ್ಕೆ. ಆಮೇಲೆ ದಾನಿಗಳ ಸಾಲನ್ನು ಇನ್ನೊಮ್ಮೆ ಓದಿದೆ. ಅಜ್ಜಿಯ ಮಡಕೆ, ಅವ್ವನ ಸಿಮೆಂಟು, ದಾನ ಮಾತ್ರ ಇವರದು. ಅತ್ತೆಯ ಒಡವೆ ಅಳಿಯ ದಾನ ಮಾಡಿದ ಅನ್ನುವುದು ಇದಕ್ಕೇ. ಆದರೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಕೆಲಸ ಬೇಕಿತ್ತಲ್ಲ! ನನ್ನ ಮಗಳು ಕಾವ್ಯಶ್ರೀ ಚೊಚ್ಚಲ ಬಸುರಿ, ಹೆರಿಗೆಗೆ ಮನೆಗೆ ಬಂದಿದ್ದಳು.

ಒಂದು ಭಾನುವಾರ ಅವ್ವನ ಕಾಲಿಗೆ ಎಣ್ಣೆ ತಿಕ್ಕುವಾಗ ತಡೆಯಲಾಗದೆ ಹೇಳಿಬಿಟ್ಟೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ.

"ಅಂಗಾದ್ರೆ ಆ ಗುಂಡಿ?"

"ಗುಂಡಿ ಹಂಗೇ ಬಿಟ್ಟವ್ರೆ ಕಣವ್ವ. ನೀರ್ ನಿಂತದೆ."

ಅವ್ವ ಒಳಗೆ ಮಲಗಿದ್ದ ಕಾವ್ಯಶ್ರೀಯ ಕಡೆ ನೋಡಿದಳು. ಅವಳ ಹೊಟ್ಟೆಯ ಕಡೆ ನೋಡಿದಳು.

"ತುಂಬಿದ ಬಸ್ರಿ ಮನೇಲವ್ಳೆ. ಬಾಯಿ ತಕ್ಕಂಡು ಕುಂತದಲ್ಲ ಅದು! ನೀನು ಎಲ್ಡು ತಿಂಗ್ಳು ಸುಮ್ನಿದ್ಯಲ್ಲೇ ಮುಂಡೇದೆ?"

ನಾನು ಎಂಟನೇ ಕ್ಲಾಸು ಓದಿದವಳು. ಗುಂಡಿ ಜೀವ ಕೇಳುತ್ತದೆ ಅನ್ನುವುದನ್ನು ನಂಬುವುದಿಲ್ಲ ಎಂದು ಹೇಳಬಹುದು. ಆದರೆ ಆ ಹೊತ್ತಿನಲ್ಲಿ ನಾನೂ ಎದ್ದು ಹೋಗಿ ಕಾವ್ಯಶ್ರೀಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ ಬಂದೆ. ಅವ್ವ ಎದ್ದು ಕೂತು, ಆ ಮಡಕೆ ನಮ್ಮದೇ ಹೌದೋ ಅಲ್ಲವೋ ತನ್ನ ಕಣ್ಣಾರೆ ನೋಡಬೇಕು, ಹೌದಾದರೆ ಅದು ಗುಂಡಿಗೆ ವಾಪಸು ಹೋಗಬೇಕು ಎಂದಳು. ಇನ್ನೊಂದು ಮಡಕೆ ಇಟ್ಟರಾಗದೇ ಎಂದು ಕೇಳಿದೆ.

"ಕೊಟ್ಟಿದ್ನ ಕಿತ್ಕಂಡು ಬ್ಯಾರೆ ಕೊಡ್ತಾರೇನೇ? ಸತ್ತೋರೇನು ಭಿಕ್ಷದೋರಾ?"

ಸೋಮವಾರ ಮ್ಯೂಸಿಯಂ ಮ್ಯಾನೇಜರ್ ಧರ್ಮೇಶ್ ಅವರಿಗೆ ಫೋನ್ ಮಾಡಿ ಕೇಳಿದೆ. ನಮ್ಮವ್ವ ಒಂದು ಸಲ ನೋಡಬೇಕಂತೆ ಸಾರ್, ಕೆಲಸದವರ ಮನೆಯವರಿಗೆ ಏನಾದರೂ ರಿಯಾಯಿತಿ ಉಂಟಾ?

"ಸ್ಟಾಫಿಗೆ ಉಂಟು. ನೀನು ಕಾಂಟ್ರ್ಯಾಕ್ಟಲ್ವಾ? ಕಾಂಟ್ರ್ಯಾಕ್ಟಿನವರು ಸ್ಟಾಫಲ್ಲ. ಬೋರ್ಡಲ್ಲಿ ಏನಿದೆಯೋ ಅದೇ."

ಬೋರ್ಡಲ್ಲಿ ಏನಿದೆ ಅಂತ ನನಗೆ ಹೇಳಿಕೊಡುತ್ತಾನೆ!

ಮಂಗಳವಾರ ಹತ್ತು ಗಂಟೆಗೆ ಅವ್ವ ಬಂದಳು. ಕೋಲೂರಿಕೊಂಡು ಒಂದೂವರೆ ಮೈಲಿ ನಡೆದಿದ್ದಳು. ಒಗೆದ ಸೀರೆ ಉಟ್ಟಿದ್ದಳು. ಸೆರಗಿನ ತುದಿಯಲ್ಲಿ ಎರಡು ಗಂಟು. ಒಂದರಲ್ಲಿ ರಾಗಿ, ಇನ್ನೊಂದರಲ್ಲಿ ನೂರರ ನೋಟು. ಟಿಕೆಟ್ ಕೊಡುವ ಹುಡುಗಿ ಪೂಜಿತಾ ಕಿಂಡಿಯೊಳಗಿದ್ದಳು. ಒಳ್ಳೆಯ ಹುಡುಗಿಯೇ, ಆದರೆ ಅವಳ ಬಾಯಲ್ಲಿ ಕಂಪ್ಯೂಟರು ಮಾತಾಡುತ್ತಿತ್ತು. ನಾನು ಬಕೆಟ್ ಕೆಳಗಿಟ್ಟು ಅವ್ವನ ಪಕ್ಕ ನಿಂತೆ.

"ಅಜ್ಜಿಗೆ ಎಷ್ಟು ವಯಸ್ಸು? ಅರವತ್ತಾಗಿದ್ರೆ ಐವತ್ತೇ ರೂಪಾಯಿ. ಆಧಾರ್ ಕೊಡಿ."

ಅವ್ವ ಕಾರ್ಡು ಕೊಟ್ಟಳು. ಪೂಜಿತಾ ನೋಡಿದಳು. ಅವಳ ಮುಖ ಚಿಕ್ಕದಾಯಿತು.

"ಅಜ್ಜಿ, ಇದ್ರಲ್ಲಿ ಒಂದು ಒಂದು ಎಪ್ಪತ್ತು ಅಂತ ಇದೆ. ಅರವತ್ತು ಆಗಿಲ್ಲ."

ಆಗುವುದಾದರೂ ಹೇಗೆ? ಆಧಾರ್ ಮಾಡಿಸುವ ದಿನ ರೈಟರು ಎಲ್ಲರ ವಯಸ್ಸನ್ನೂ ಕಣ್ಣಳತೆಯಲ್ಲಿ ಬರೆಸಿದ್ದರು. ನಮ್ಮ ಲೈನಿನ ಮೂವತ್ತೆರಡು ಜನವೂ ಜನವರಿ ಒಂದರಂದೇ ಹುಟ್ಟಿದವರು. ಅವ್ವನ ಬಾಯಲ್ಲಿ ನಾಲ್ಕು ಹಲ್ಲಿವೆ. ಗಾಂಧಿ ಸತ್ತಾಗ ಅವ್ವನ ಅವ್ವ ಬಸುರಿ, ಹೊಟ್ಟೆಯಲ್ಲಿದ್ದವಳು ಇವಳು. ಕಾರ್ಡು ಮಾತ್ರ ಇವಳು ಇನ್ನೂ ಮುದುಕಿಯಾಗಿಲ್ಲ ಎನ್ನುತ್ತದೆ.

"ನಾಳೆ ಬುಧವಾರ, ಊರವರಿಗೆ ಫ್ರೀ. ಮನೆ ನಂಬರಿರೋ ಕಾಗದ ತಂದ್ರೆ ಆಯ್ತು" ಎಂದಳು ಪೂಜಿತಾ.

"ಲೈನ್ ಮನೆಗೆ ನಂಬರೆಲ್ಲಿಂದ ತರೋಣ ಕಣಮ್ಮ? ನಂಬರಿರೋದು ಸಾವ್ಕಾರ್ರ ನಾಯಿಗೂಡಿಗೆ" ಎಂದೆ.

ಅಷ್ಟರಲ್ಲಿ ದೇರಪ್ಪನವರ ಕಾರು ಬಂತು. ಹೆಂಡತಿ, ಬೆಂಗಳೂರಿನ ಬೀಗರು, ಎಲ್ಲ ಸೇರಿ ಏಳು ಜನ. ಧರ್ಮೇಶ್ ಓಡಿ ಬಂದು ಬಾಗಿಲು ತೆಗೆದರು. ಯಾರೂ ಕಿಂಡಿಯ ಕಡೆ ನೋಡಲಿಲ್ಲ. ನಾನು ಆಗಷ್ಟೇ ಒರೆಸಿದ್ದ ನೆಲದ ಮೇಲೆ ಮೆಟ್ಟು ಬಿಡದೆ ಒಳಗೆ ಹೋದರು.

"ಅವ್ರು ಯಾಕೆ ಚೀಟಿ ತಕ್ಕಳ್ನಿಲ್ಲ?" ಅವ್ವ ಕೇಳಿದಳು.

"ಅವ್ರು ದಾನಿಗಳು ಅಜ್ಜಿ. ಒಳಗಿರೋ ವಸ್ತು ಕೊಟ್ಟವರು. ಅವರ ಮನೆಯವರಿಗೆಲ್ಲ ಫ್ರೀ."

ಅವ್ವ ಕಿಂಡಿಯ ಕಟ್ಟೆಗೆ ಎರಡೂ ಕೈ ಊರಿದಳು.

"ಅಂಗಾದ್ರೆ ನನ್ನೂ ಬುಡವ್ವ. ನಾನೂ ಕೊಟ್ಟಿವ್ನಿ. ನಾಕ್ನೇ ಪೆಟ್ಗೇಲಿರೋ ಕರೀ ಮಡ್ಕೆ ನಂದು. ತಳದಲ್ಲಿರೋದು ಸಿಮಿಟ್ಟು, ನಾನೇ ಮೆತ್ತಿದ್ದು. ಕತ್ತಿನ ತಾವ ಮೂರು ಉಗುರು ಅವೆ, ನೋಡ್ಕಂಡು ಬಾ ಬೇಕಾದ್ರೆ."

ಪೂಜಿತಾ ಬೆಪ್ಪಾಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಸಾಲಿನಲ್ಲಿ ನಿಂತಿದ್ದ ಪ್ರವಾಸಿಗಳು ಹತ್ತಿರ ಬಂದರು. ಧರ್ಮೇಶ್ ಬಂದು ಏನು ಗಲಾಟೆ ಎಂದರು, ಕೇಳಿ ಗಹಗಹಿಸಿ ನಕ್ಕರು. ಒಳಗಿನಿಂದ ದೇರಪ್ಪನವರೂ ಬಂದರು. ಅವರು ನಗಲಿಲ್ಲ. ಅವ್ವನನ್ನು ನೋಡಿದ ಕೂಡಲೇ ದನಿ ಮೆತ್ತಗೆ ಮಾಡಿಕೊಂಡರು.

"ಓ, ಜವರಿಯಾ? ಪಾಪ, ಬಿಡಿ ಧರ್ಮೇಶ್, ಫ್ರೀಯಾಗಿ ಒಳಗೆ ಬಿಡಿ. ನೋಡಿಕೊಂಡು ಹೋಗಲಿ. ಜವರೀ, ನೋಡಿ ಸುಮ್ಮನೆ ಮನೆಗೆ ಹೋಗ್ಬೇಕು. ಆಯ್ತಾ?"

ನನಗೆ ಒಂದು ಗಳಿಗೆ ಸಮಾಧಾನವಾಯಿತು. ಸದ್ಯ, ಕೆಲಸ ಉಳಿಯಿತು ಅಂದುಕೊಂಡೆ. ಆ ನಾಚಿಕೆಗೇಡನ್ನೂ ಹೇಳಿಬಿಡುತ್ತೇನೆ. ಅವ್ವ ಸೆರಗಿನ ಗಂಟು ಬಿಚ್ಚಿದಳು. ನೋಟು ತೆಗೆದು ಕಿಂಡಿಯೊಳಗೆ ತಳ್ಳಿದಳು.

"ಧರ್ಮಕ್ಕೆ ಬ್ಯಾಡ ಸಾವ್ಕಾರ್ರೆ. ಹಕ್ಕಿಗೆ ಬುಡೋದಾದ್ರೆ ಬುಡಿ. ಇಲ್ಲಾಂದ್ರೆ ತಕ್ಕಳವ್ವ, ಪೂರಾ ನೂರು. ಚೀಟಿ ಕೊಡು."

ಪೂಜಿತಾ ಚೀಟಿ ಕೊಟ್ಟಳು. ಅವ್ವ ಅದನ್ನು ಮುಷ್ಟಿಯಲ್ಲಿ ಹಿಡಿದು ಕೋಲೂರುತ್ತ ಒಳಗೆ ನಡೆದಳು. ಹಿಂದೆ ನಾನು, ನನ್ನ ಹಿಂದೆ ಪ್ರವಾಸಿಗಳು. ನಾಲ್ಕನೇ ಪೆಟ್ಟಿಗೆಯ ಮುಂದೆ ನಿಂತು ಅವಳು ಬಹಳ ಹೊತ್ತು ನೋಡಿದಳು. ಬಗ್ಗಿ ಕನ್ನಡಿಯಲ್ಲಿ ತಳ ನೋಡಿದಳು. ಗಾಜಿನ ಮೇಲೆ ಅಂಗೈ ಇಟ್ಟಳು.

"ಮುಟ್ಟಬೇಡ!" ಧರ್ಮೇಶ್ ಕೂಗಿದರು.

ಅವ್ವ ಕೈ ತೆಗೆಯಲಿಲ್ಲ. "ನಮ್ಮವ್ವನ ಉಗ್ರು ಕಣೇ ಸಿದ್ದಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಅವ್ವ ಅತ್ತದ್ದನ್ನು ನೋಡಿದ್ದು ಅಪ್ಪ ಸತ್ತಾಗ, ಆಮೇಲೆ ಅವತ್ತೇ.

ಒಬ್ಬ ಹೆಂಗಸು ಕನ್ನಡಿಯೊಳಗೆ ಇಣುಕಿ, "ಹೌದಲ್ರೀ, ಇದು ಸಿಮೆಂಟೇ!" ಎಂದಳು. ಯಾರೋ ಫೋನು ಎತ್ತಿ ಹಿಡಿದರು. ದೇರಪ್ಪನವರ ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಧರ್ಮೇಶ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ನಿಮ್ಮವ್ವನ್ನ ಈಗ್ಲೇ ಹೊರಗೆ ಕರ್ಕೊಂಡು ಹೋಗು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ. ತಿಳೀತಾ? ಗುಡಿಸೋಕೆ ಬೇರೆ ಯಾರೂ ಸಿಗಲ್ಲ ಅಂದ್ಕೊಂಡಿದೀಯಾ?"

ಸಿಗುತ್ತಾರೆ. ಗುಡಿಸುವವರು ಯಾವಾಗಲೂ ಸಿಗುತ್ತಾರೆ. ನಾನು ಅವರ ಕೈ ಬಿಡಿಸಿಕೊಂಡೆ. ಅವತ್ತು ಮಂಗಳವಾರ. ಕೀಲಿ ಗೊಂಚಲು ನನ್ನ ಸೊಂಟದಲ್ಲಿತ್ತು. ನಾಲ್ಕನೇ ಕೀಲಿ ಯಾವುದೆಂದು ಹುಡುಕಬೇಕಾಗಿಯೂ ಇರಲಿಲ್ಲ. ಪೆಟ್ಟಿಗೆ ತೆಗೆದೆ, ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ಅವ್ವನ ಮಡಿಲಿಗೆ ಕೊಟ್ಟೆ. ಕೀಲಿ ಗೊಂಚಲನ್ನು ಕನ್ನಡಿಯ ಮೇಲೆ ಇಟ್ಟೆ.

"ಕಳ್ಳಿ! ಪೊಲೀಸಿಗೆ ಫೋನ್ ಮಾಡ್ತೀನಿ!"

"ಮಾಡಿ ಸಾರ್. ನಾವು ಇಲ್ಲೇ ಕೂತಿರ್ತೀವಿ. ದೂರಿನಲ್ಲಿ ಏನಂತ ಬರೀತೀರಿ? ಮೂರು ಸಾವಿರ ವರ್ಷದ ಮಡ್ಕೆ ಕದ್ರು ಅಂತ ಬರೀರಿ, ಸಿಮೆಂಟ್ ಎಲ್ಲಿಂದ ಬಂತು ಅಂತ ಅವ್ರು ಕೇಳ್ತಾರೆ. ಲೈನ್ ಮನೆ ಮಡ್ಕೆ ಕದ್ರು ಅಂತ ಬರೀರಿ, ಲೈನ್ ಮನೆ ಮಡ್ಕೆ ನಮ್ಮವ್ವಂದು. ಯಾವ್ದು ಬರೀತೀರಿ ಹೇಳಿ, ಪೆನ್ನು ನಾನೇ ತಂದ್ಕೊಡ್ತೀನಿ."

ನನ್ನ ಬಾಯಿಂದ ಅಷ್ಟು ಮಾತು ಬಂತಾ ಅಂತ ನನಗೇ ಆಶ್ಚರ್ಯ. ಧರ್ಮೇಶ್ ಫೋನು ಹಿಡಿದುಕೊಂಡು ದೇರಪ್ಪನವರ ಮುಖ ನೋಡಿದರು. ದೇರಪ್ಪನವರು ಬೀಗರ ಮುಖ ನೋಡಿದರು. ಬೀಗರು ಗೋಡೆ ನೋಡುತ್ತಿದ್ದರು.

"ಹಾಳಾಗಿ ಹೋಗ್ಲಿ, ಬಿಡಿ ಅತ್ಲಾಗೆ" ಎಂದರು ದೇರಪ್ಪನವರು. ಆಮೇಲೆ ನನಗೆ ಮಾತ್ರ ಕೇಳುವಂತೆ, "ಲೈನ್ ಮನೆ ಯಾರದ್ದು ಅಂತ ನೆನಪಿರಲಿ" ಎಂದರು.

"ನೆನಪದೆ" ಎಂದಳು ಅವ್ವ. ಅವಳ ಕಿವಿ ಚುರುಕು. "ಕಟ್ಟಿದೋರು ಯಾರು ಅಂತ್ಲೂ ನೆನಪದೆ."

ಹೊರಗೆ ಬರುವಾಗ ಪೂಜಿತಾ ಕಿಂಡಿಯಿಂದ ನೂರರ ನೋಟು ಚಾಚಿದಳು. "ಅಜ್ಜಿ, ತಗೊಳ್ಳಿ. ಯಾರಿಗೂ ಹೇಳ್ಬೇಡಿ." ಅವ್ವ ತೆಗೆದುಕೊಳ್ಳಲಿಲ್ಲ. "ನಿನ್ ಸಂಬ್ಳದಲ್ಲಿ ಹಿಡೀತಾರೆ ಮಗ, ಮಡಗು" ಎಂದಳು. ನಾನು ಬಕೆಟ್ಟನ್ನು ಬೋರ್ಡಿನ ಕೆಳಗೆ ಬಿಟ್ಟು ಬಂದೆ. ಬಟ್ಟೆ ಅದರಲ್ಲೇ ನೆನೆಯುತ್ತಿತ್ತು.

ಗುಡ್ಡಕ್ಕೆ ಹೋಗುವಷ್ಟರಲ್ಲಿ ಅವ್ವ ನಾಲ್ಕು ಕಡೆ ಕೂತಳು. ಮಡಕೆಯನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. ಗುಂಡಿಯ ಸುತ್ತ ತಂತಿ ಬೇಲಿ ಹಾಕಿದ್ದರು. ಒಳಗೆ ಮೊಣಕಾಲುದ್ದ ನೀರು, ನೀರಿನಲ್ಲಿ ಬಿಸ್ಲೇರಿ ಬಾಟಲಿ, ಚಿಪ್ಸಿನ ಕವರು. ನಾನು ಬೇಲಿ ನುಗ್ಗಿ ಇಳಿದೆ. ಕಸ ಎತ್ತಿ ಆಚೆ ಎಸೆದೆ. ಅಲ್ಲೇ ಬಿದ್ದಿದ್ದ ಬಾಣಲಿಯಲ್ಲಿ ನೀರು ಮೊಗೆದು ಹಾಕಿದೆ. ಮೊಗೆದು ಮೊಗೆದು ರಟ್ಟೆ ಬಿದ್ದುಹೋಯಿತು. ಈ ಕೆಲಸಕ್ಕೆ ಕೂಲಿ ಇಲ್ಲ, ಹಾಜರಿ ಇಲ್ಲ, ಮೇಲೆ ನಿಂತು ಕೂಗುವ ರೈಟರೂ ಇಲ್ಲ. ಕೆಳಗೆ ನೆಲ ಕಂಡಾಗ ಅವ್ವ ಮಡಕೆ ಇಳಿಸಿದಳು. ನಾನು ಅದನ್ನು ಮೊದಲಿದ್ದ ಮೂಲೆಯಲ್ಲೇ ಇಟ್ಟೆ. ಅವ್ವ ಸೆರಗಿನ ಇನ್ನೊಂದು ಗಂಟು ಬಿಚ್ಚಿ ರಾಗಿ ಕೊಟ್ಟಳು, ಹಾಕಿದೆ. ಅಂಚಿನಲ್ಲಿ ಬಿದ್ದಿದ್ದ ಕಲ್ಲಿನ ತುಂಡಿಗೆ ಕೈ ಹಾಕಬೇಕು ಅನ್ನುವಾಗ ಅವಳು ತಡೆದಳು.

"ತಡಿ. ಇದ್ನೂ ಆಕು."

ಮುಷ್ಟಿ ಬಿಚ್ಚಿದಳು. ಬೆವರಿಗೆ ಒದ್ದೆಯಾದ ಮ್ಯೂಸಿಯಂ ಟಿಕೆಟ್ಟು.

"ಇದ್ಯಾಕವ್ವ?"

"ಇನ್ನೂ ಯಾರಾರ ಬತ್ತರೆ ಅಗ್ಯಕ್ಕೆ. ಅವ್ರು ಬುಡೋರಲ್ಲ. ಮಡ್ಕೆ ನೋಡ್ದಾಗ ಗೊತ್ತಾಗ್ಲಿ, ಯಾವ್ ಕಾಲದ್ದು ಅಂತ. ತಾರೀಕು ಅದೆ ತಾನೆ ಅದ್ರಲ್ಲಿ?"

ತಿರುಗಿಸಿ ನೋಡಿದೆ. ತಾರೀಕು ಇತ್ತು. ಕೆಳಗೆ ದೊಡ್ಡವರು ಒಂದು, ನೂರು ರೂಪಾಯಿ, ರಿಯಾಯಿತಿ ಸೊನ್ನೆ ಅಂತ ಇತ್ತು.

"ಅದೆ ಕಣವ್ವ. ಎಲ್ಲಾ ಅದೆ."

"ಆಕು, ಮತ್ತೆ."

ಹಾಕಿದೆ. ಮೇಲೆ ಹತ್ತಿ ಬಂದೆ. ಅವ್ವ ಕಲ್ಲಿನಡಿಗೆ ಕೋಲು ಕೊಟ್ಟು ಮೀಟಿದಳು, ನಾನು ಪಕ್ಕದಿಂದ ಭುಜ ಕೊಟ್ಟೆ. ಕಲ್ಲು ಕೂತಿತು.